ಎರ್ಮೆಸೆಂದಳ ಎಲುಬುಗಳು

ಎರ್ಮೆಸೆಂದ ಸತ್ತು ಆರು ವರ್ಷವಾದ ಮೇಲೆ ಅವಳ ಮೇಲಿನ ತೀರ್ಪು ಊರಿಗೆ ಬಂತು. ಭಾನುವಾರದ ಪೂಜೆ ಮುಗಿದ ಕೂಡಲೇ ಪಟ್ಟಣದಿಂದ ಬಂದಿದ್ದ ಅಧಿಕಾರಿ ಚರ್ಚಿನ ಮೆಟ್ಟಿಲ ಮೇಲೆ ನಿಂತು ಓದಿದ: ಸಾಯುವ ಹೊತ್ತಿನಲ್ಲಿ ಈ ಹೆಂಗಸು ಧರ್ಮದ್ರೋಹಿಗಳಿಂದ ದೀಕ್ಷೆ ಪಡೆದಿದ್ದಾಳೆ, ಅವಳ ಎಲುಬುಗಳನ್ನು ಪವಿತ್ರ ನೆಲದಿಂದ ತೆಗೆದು ಸುಡತಕ್ಕದ್ದು, ಅವಳು ಸತ್ತ ಮನೆಯನ್ನು ಕೆಡವತಕ್ಕದ್ದು.

ಮಗಳು ಆಲಾಜೈಸ್ ಜನರ ನಡುವೆ ನಿಂತು ಕೇಳಿಸಿಕೊಂಡಳು. ಸುಳ್ಳು ಎನ್ನುವಂತಿರಲಿಲ್ಲ. ಸೂಜಿ ಮಾರುವವನ ವೇಷದಲ್ಲಿ ಬೆಟ್ಟ ಹತ್ತಿ ಬಂದಿದ್ದ 'ಒಳ್ಳೆಯವ'ನಿಗೆ ಬಾಗಿಲು ತೆಗೆದವಳು ಅವಳೇ. ತಲೆಮರೆಸಿಕೊಂಡು ತಿರುಗುವ ಆ ಪಂಥದ ಸನ್ಯಾಸಿಗಳನ್ನು ಊರವರು ಹಾಗೇ ಕರೆಯುತ್ತಿದ್ದರು. ಅವನು ಅವ್ವನ ತಲೆಯ ಮೇಲೆ ಪುಸ್ತಕವಿಟ್ಟು ಪ್ರಾರ್ಥಿಸುವಾಗ ಪಕ್ಕದಲ್ಲಿ ಮಂಡಿಯೂರಿದವಳೂ ಅವಳೇ. ಕಳೆದ ವರ್ಷ ಸೆರೆಯಲ್ಲಿ ಯಾರೋ ಬಾಯಿಬಿಟ್ಟರು. ಆಲಾಜೈಸಳೂ ಒಪ್ಪಿಕೊಂಡಳು. ಅಂದಿನಿಂದ ಶಿಕ್ಷೆಯ ಗುರುತಾಗಿ ಅವಳ ಅಂಗಿಯ ಎದೆಗೂ ಬೆನ್ನಿಗೂ ಹಳದಿ ಬಟ್ಟೆಯ ಶಿಲುಬೆ ಹೊಲಿದಿತ್ತು. ಇನ್ನೊಮ್ಮೆ ತಪ್ಪಿದರೆ ಬೆಂಕಿಯೇ ಗತಿ.

ಸ್ಮಶಾನದಲ್ಲಿ ಗುರುತಿರಲಿಲ್ಲ. ಹಿಮ ಕುಸಿದ ವರ್ಷ ಮರದ ಶಿಲುಬೆಗಳೆಲ್ಲ ಕೊಚ್ಚಿಹೋಗಿದ್ದವು. ಯಾವ ಸಾಲೆಂದಷ್ಟೇ ಊರ ಪಾದ್ರಿಗೆ ಗೊತ್ತಿತ್ತು.

"ನಿಮ್ಮವ್ವನ ಗೋರಿ ಯಾವುದು?" ಎಂದ ಅಧಿಕಾರಿ.

"ನೆನಪಿಲ್ಲ, ಸ್ವಾಮಿ."

ಅವನು ಸಿಟ್ಟಾಗಲಿಲ್ಲ. ಗುದ್ದಲಿಯವರ ಕಡೆ ತಿರುಗಿದ. "ಸರಿ, ಸಾಲು ಪೂರ್ತಿ ತೆಗೀರಿ. ಗುರುತು ಸಿಗ್ದಿದ್ರೆ ಎಲ್ಲಾನೂ ಸುಟ್ರಾಯ್ತು."

ಆ ಸಾಲಿನಲ್ಲಿ ಏಳು ಗೋರಿಗಳಿದ್ದವು. ಪಕ್ಕದ ಮನೆಯ ಫಬ್ರೀಸ ಓಡಿಬಂದು ಅವಳ ತೋಳು ಹಿಡಿದಳು.

"ಅಕ್ಕಾ, ಆ ತುದೀಲಿ ನನ್ ಕೂಸಿದೆ. ನಿಂಗೊತ್ತು, ಹೇಳ್ಬಿಡು."

"ನಮ್ಮವ್ವ ಕಣೇ. ನನ್ ಕೈಯಾರೆ ಹೆಂಗೆ ತೋರಿಸ್ಲಿ?"

ಗಿರಣಿಯ ಮುದುಕ ಅರ್ನೌ ಕಿವಿಯ ಹತ್ತಿರ ಪಿಸುಗುಟ್ಟಿದ: "ನಿಮ್ಮವ್ವ ನೆಟ್ಟಗೆ ಸ್ವರ್ಗಕ್ಕೆ ಹೋದ್ಳು ಅಂತ ಒಲೆ ಮುಂದೆ ಕೊಚ್ಕೊಳ್ತಿದ್ದೆಯಲ್ಲ! ಅಲ್ಲಿರೋಳಿಗೆ ಇಲ್ಲಿ ಎಲುಬು ಯಾಕೆ? ನಮ್ಮೋರಿಗೆ ಬೇಕಮ್ಮ, ಕಡೇ ದಿನ ಗೋರಿಯಿಂದ ಎದ್ದು ಬರೋಕೆ. ನಮ್ಮೋರು ಸಾದಾ ಜನ."

ಈ ಮೈ ಸೈತಾನ ಹೊಲಿದ ಅಂಗಿ, ಕಳಚಿದ ಮೇಲೆ ಎಲ್ಲಿ ಬಿದ್ದರೇನು ಎಂದು ಅವ್ವನೂ ಹೇಳುತ್ತಿದ್ದಳು, ಒಳ್ಳೆಯವನೂ ಹೇಳಿದ್ದ. ಆಲಾಜೈಸ್ ಹೂಂ ಎಂದು ತಲೆಯಾಡಿಸಿದ್ದಳು. ಈಗ ಗುದ್ದಲಿಗಳನ್ನು ನೋಡುತ್ತಿದ್ದಂತೆ, ತಾನದನ್ನು ಒಂದು ದಿನವೂ ನಂಬಿರಲಿಲ್ಲವೆಂದು ಗೊತ್ತಾಯಿತು. ತನ್ನ ತಲೆಯ ಹೇನು ಹೆಕ್ಕಿದ ಬೆರಳುಗಳು ಅಲ್ಲಿದ್ದವು. ಅವು ಅವ್ವನವು.

ಮೊದಲ ಏಟು ಕೂಸಿನ ತುದಿಯಲ್ಲೇ ಬಿತ್ತು. ಫಬ್ರೀಸ ಅಲ್ಲೇ ಕೂತು ಎರಡೂ ಕೈಯಿಂದ ಆ ಮಣ್ಣನ್ನು ಮುಚ್ಚಹೊರಟಳು.

"ಅಲ್ಲ," ಎಂದಳು ಆಲಾಜೈಸ್. "ಈ ಕಡೆಯಿಂದ ಮೂರನೇದು."

ಮಣ್ಣಿನೊಳಗೆ ನೀಲಿ ಉಣ್ಣೆಯ ತಲೆವಸ್ತ್ರ ಇನ್ನೂ ಪೂರ್ತಿ ಕರಗಿರಲಿಲ್ಲ.

"ಇವಳೇನಾ?" ಎಂದು ಅಧಿಕಾರಿ ಕೇಳಿದ. ಹೇಳಿಕೆ ಬರೆದುಕೊಳ್ಳಲು ಅವನ ಗುಮಾಸ್ತ ಕಾಯುತ್ತಿದ್ದ. ಬಾಯಿಂದಲೇ ಹೇಳಬೇಕಿತ್ತು.

"ಇವಳೇ, ಸ್ವಾಮಿ."

ಎಲುಬುಗಳನ್ನು ಚಾಪೆಯ ಮೇಲೆ ಹಾಕಿ ಬೀದಿಯುದ್ದಕ್ಕೂ ಎಳೆದರು. ಒಣ ಎಲುಬು ಬೇಗ ಉರಿಯುವುದಿಲ್ಲ. ಮೂರು ಸಲ ಸೌದೆ ತರಿಸಿದರು. ಮುಖ ತಿರುಗಿಸಿದವರನ್ನು ಪಾದ್ರಿ ಗಮನಿಸುತ್ತಿದ್ದರು. ಹಾಗಾಗಿ ಆಲಾಜೈಸ್ ಕೊನೆಯವರೆಗೂ ನೋಡಿದಳು. ಬೂದಿಯನ್ನು ಹೊಳೆಗೆ ಸುರಿದರು.

ಮಧ್ಯಾಹ್ನ ಮನೆಯ ಸರದಿ.

"ಪಾದ್ರಿಗಳೇ, ಉಣ್ಣೆ ಬಾಚೋ ಹಣಿಗೆ ಒಳಗಿದೆ. ಅದಿಲ್ದೆ ನನ್ ಹೊಟ್ಟೆಪಾಡು ನಡೆಯಲ್ಲ."

"ಅಪ್ಪಣೆ ಇಲ್ಲಮ್ಮಾ," ಎಂದರು ಪಾದ್ರಿ.

ತೊಲೆಗೆ ಹಗ್ಗ ಕಟ್ಟಿ ಊರ ಗಂಡಸರ ಕೈಯಲ್ಲೇ ಎಳೆಸಿದರು. ಎಳೆದವರಲ್ಲಿ ಫಬ್ರೀಸಳ ಗಂಡನೂ ಇದ್ದ. ಆ ಜಾಗದಲ್ಲಿ ಇನ್ನೆಂದೂ ಯಾರೂ ಗೋಡೆ ಎಬ್ಬಿಸಕೂಡದೆಂದು ಸಾರಿ, ಅಧಿಕಾರಿ ಹೇಸರಗತ್ತೆ ಹತ್ತಿದ.

ಜನ ಚದುರಿದ ಮೇಲೆ ಫಬ್ರೀಸ ಬಟ್ಟಲಲ್ಲಿ ಎಲೆಕೋಸಿನ ಸಾರು ತಂದಳು.

"ಮನೆಗೆ ಬಾ ಅನ್ನೋಕೆ ಧೈರ್ಯ ಇಲ್ಲ ಅಕ್ಕಾ. ನಮ್ಗೂ ಶಿಲುಬೆ ಹೊಲಿಸ್ತಾರೆ."

"ಗೊತ್ತು ಕಣೇ."

ಆಲಾಜೈಸ್ ನಿಂತೇ ಕುಡಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಟ್ಟಲು ವಾಪಸು ಕೊಟ್ಟು, ಮೇಲಿನ ಹುಲ್ಲುಗಾವಲಲ್ಲಿ ಯಾವ ಕುರುಬರ ಗುಡಿಸಲಿಗೆ ಇನ್ನೂ ಸೂರಿದೆ ಎಂದು ಕೇಳಿದಳು.