ಮನೆಯವರ ಕೈರುಚಿ

‘ಉಪ್ಪಿಲ್ಲ, ಖಾರ ಇಲ್ಲ. ಏನ್ರೀ ಇದು, ಆಸ್ಪತ್ರೆ ಊಟದ ಹಾಗಿದೆ!’

ಅವನ ಊಟದ ಜಾಡಿಯ ಮುಚ್ಚಳದಲ್ಲಿ ಹಾಕಿಸಿಕೊಂಡಿದ್ದ ನೂಡಲ್ಸನ್ನು ಟೈಪಿಸ್ಟ್ ಮೇಡಂ ಪಕ್ಕಕ್ಕೆ ತಳ್ಳಿದಾಗ ಅವನಿಗೆ ನೆನಪಾಯಿತು: ಮಸಾಲೆ ಪೊಟ್ಟಣ ಅಡುಗೆಮನೆಯ ಕಟ್ಟೆಯ ಮೇಲೇ ಉಳಿದುಬಿಟ್ಟಿದೆ.

‘ಮರೆತಿರಬೇಕು,’ ಎಂದ.

‘ಯಾರು, ನಿಮ್ಮ ಮನೆಯವರಾ? ಅವರು ಮರೆಯೋರೇ ಅಲ್ಲ.’

ಹೌದು, ಅವಳು ಮರೆಯುವವಳಲ್ಲ. ಹಾಗಂತ ಅವನೇ ಹೇಳಿದ್ದ. ಅವಳು ಇಲ್ಲವೇ ಇಲ್ಲ ಎಂಬುದೊಂದನ್ನು ಬಿಟ್ಟು, ಅವಳ ಬಗ್ಗೆ ಉಳಿದದ್ದನ್ನೆಲ್ಲ ಈ ಒಂದೂವರೆ ವರ್ಷದಲ್ಲಿ ಆಫೀಸಿನವರಿಗೆ ಹೇಳಿಯಾಗಿತ್ತು.

ಶುರುವಾದದ್ದು ಒಂದು ‘ಹೂಂ’ನಿಂದ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಜೊತೆ ಬರುವ ‘ಬಳಸುವ ವಿಧಾನ’ದ ಪುಸ್ತಿಕೆಗಳನ್ನು ಅಚ್ಚುಹಾಕುವ ಈ ಕಚೇರಿಗೆ ಕರಡು ತಿದ್ದುವವನಾಗಿ ಸೇರಿದ ಮೊದಲ ದಿನ ಅದು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ‘ಇರುವುದು ಎಂದರೇನು’ ಎಂಬುದರ ಮೇಲೆ ನೂರಾ ನಲವತ್ತು ಪುಟ ಬರೆದಿದ್ದವನು, ‘ಒದ್ದೆ ಕೈಯಿಂದ ಮುಟ್ಟಬೇಡಿ’ ಎಂಬಲ್ಲಿ ಒತ್ತಕ್ಷರ ಸರಿಯಿದೆಯೇ ಎಂದು ನೋಡುವ ಕೆಲಸಕ್ಕೆ ಬಂದಿದ್ದ. ಮಧ್ಯಾಹ್ನ ಚೀಲದಿಂದ ಗಾಜಿನ ಜಾಡಿ ತೆಗೆದಿದ್ದ.

ಜಾಡಿಯದು ಬೆಳಿಗ್ಗೆ ಏಳು ನಿಮಿಷದ ಕೆಲಸ. ಒಣ ನೂಡಲ್ಸನ್ನು ಮುರಿದು ತುಂಬುವುದು. ಮೇಲೆ ಕ್ಯಾರೆಟ್ ತುರಿ, ಒಂದು ಹಿಡಿ ಬಟಾಣಿ, ಹೆಚ್ಚಿದ ಈರುಳ್ಳಿ ಸೊಪ್ಪು, ಮಸಾಲೆ, ಅರ್ಧ ಚಮಚ ಎಣ್ಣೆ. ಮಧ್ಯಾಹ್ನ ಆಫೀಸಿನ ಕೆಟಲಿನಿಂದ ಕುದಿನೀರು ಸುರಿದು, ಮುಚ್ಚಳ ಬಿಗಿದು, ಐದು ನಿಮಿಷ ಬಿಟ್ಟರೆ ಊಟ. ಅಗ್ಗ, ಸುಲಭ, ಪಾತ್ರೆ ತೊಳೆಯುವ ರಗಳೆಯಿಲ್ಲ. ಒಂಟಿ ಮನುಷ್ಯನಿಗೆ ಇನ್ನೇನು ಬೇಕು?

‘ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಾರೆ! ಮನೆಯವರು ಕಟ್ಟಿಕೊಟ್ಟಿದ್ದಾ?’ ಎಂದು ಮೇಡಂ ಅಂದು ಕೇಳಿದ್ದರು.

‘ಹೂಂ,’ ಎಂದಿದ್ದ. ಬಾಯಿ ತುಂಬ ನೂಡಲ್ಸ್ ಇತ್ತು. ಬಾಯಿ ಖಾಲಿಯಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ.

ಆಮೇಲೆ ಅವಳು ತಾನಾಗಿ ಬೆಳೆದಳು. ಎಡಗೈ ಬಳಸುವವಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಆಗಬೇಕು. ಮಾತುಮಾತಿಗೆ ಶೀತ. ಹುಟ್ಟುಹಬ್ಬಕ್ಕೆಂದು ಮೇಡಂ ಅವಳಿಗೊಂದು ಉಣ್ಣೆಯ ಟೊಪ್ಪಿ ಹೆಣೆದುಕೊಟ್ಟಿದ್ದರು. ಅದು ಅವನ ತಲೆಗೆ ಅಳತೆ ತೆಗೆದಂತೆ ಕೂತಿತ್ತು.

‘ಮೇಷ್ಟ್ರೇ, ಮನೇಲಿ ಜಗಳ ಅಲ್ವಾ?’ ಎಂದ, ಇವತ್ತು ಅವರ ಜೊತೆ ಊಟಕ್ಕೆ ಕೂತಿದ್ದ ಸ್ಟೋರ್‌ಕೀಪರ್. ಎಲ್ಲರ ತಪ್ಪು ತಿದ್ದುತ್ತಾನೆಂದು ಅವನಿಗೆ ಆಫೀಸಿನಲ್ಲಿ ಮೇಷ್ಟ್ರು ಎಂದೇ ಹೆಸರು. ‘ಮಸಾಲೆ ಹಾಕದೆ ಕಳಿಸಿದ್ದಾರೆ ಅಂದ್ರೆ ಸಣ್ಣ ಜಗಳ ಅಲ್ಲ.’

ಅವನು ಇಲ್ಲ ಎನ್ನಬಹುದಿತ್ತು. ಆದರೆ ತನಗೂ ಒಂದು ಜಗಳ ಇರುವುದು ಏಕೋ ಹಿತವೆನಿಸಿತು.

‘ಮಾತಿಗೆ ಮಾತು ಬಂತು,’ ಎಂದ.

‘ಯಾವ ವಿಷಯಕ್ಕೆ?’

ಯೋಚಿಸಿದ. ‘ನಾನು ಮನೇಲಿ ಬಾಯೇ ಬಿಡಲ್ಲ ಅಂತ.’

ಮೊದಲ ಬಾರಿಗೆ ಅವಳ ವಿಷಯದಲ್ಲಿ ನಿಜ ಹೇಳಿದ್ದ.

‘ಅಷ್ಟೇನಾ! ಈಗಲೇ ಫೋನ್ ಮಾಡಿ, ತಪ್ಪಾಯ್ತು ಅಂದ್ಬಿಡಿ. ನಾನು ದಿನಾ ಅಂತೀನಿ. ಯಾವ ತಪ್ಪು ಅಂತ ನಮ್ಮನೆಯವಳು ಕೇಳೋದೂ ಇಲ್ಲ.’ ಸ್ಟೋರ್‌ಕೀಪರ್ ಮೇಜಿನ ಫೋನನ್ನು ಅವನ ಮುಂದೆ ಎಳೆದಿಟ್ಟ.

ಇಬ್ಬರೂ ನೋಡುತ್ತಿದ್ದರು. ಅವನಿಗೆ ತೋಚಿದ್ದು ಒಂದೇ ನಂಬರು, ಅವನ ಮನೆಯದು. ಇಂಟರ್ನೆಟ್ ಜೊತೆ ಪುಕ್ಕಟೆ ಬಂದಿದ್ದ ಆ ಫೋನಿಗೆ ಈವರೆಗೆ ಯಾರೂ ಕರೆ ಮಾಡಿರಲಿಲ್ಲ. ಬೀಗ ಹಾಕಿದ ಮನೆಯಲ್ಲಿ ಅದು ರಿಂಗಾಗತೊಡಗಿತು.

‘ನಾನು,’ ಎಂದ.

ರಿಂಗಾಯಿತು.

‘ಬೆಳಿಗ್ಗೆ ಹಾಗೆ ಸುಮ್ಮನೆ ಬಂದುಬಿಡಬಾರದಿತ್ತು.’

ರಿಂಗಾಯಿತು.

‘ಸಾಯಂಕಾಲ ಬಂದಮೇಲೂ ಲೈಟ್ ಹಾಕ್ತೀನಿ, ಆರಿಸ್ತೀನಿ, ಮಲಗ್ತೀನಿ. ಅಷ್ಟೇ. ನನಗೂ ಗೊತ್ತು. ಮಾತು ಬರಲ್ಲ ಅಂತಲ್ಲ...’

ಇಷ್ಟು ಹೇಳುವ ಯೋಚನೆ ಅವನಿಗಿರಲಿಲ್ಲ. ಫೋನಿನ ವೈರನ್ನು ಬೆರಳಿಗೆ ಸುತ್ತತೊಡಗಿದ. ಸ್ಟೋರ್‌ಕೀಪರ್ ಮರ್ಯಾದೆಗೆಂದು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ನಿಂತ.

‘ಕೊಡಿ ಇಲ್ಲಿ, ನಾನು ಮಾತಾಡ್ತೀನಿ. ಹೆಂಗಸರ ಕಷ್ಟ ಹೆಂಗಸರಿಗೇ ಗೊತ್ತಾಗೋದು.’ ಅವನು ತಡೆಯುವಷ್ಟರಲ್ಲಿ ರಿಸೀವರ್ ಮೇಡಂ ಕಿವಿಯಲ್ಲಿತ್ತು.

ಅವನು ಮನಸ್ಸಿನಲ್ಲೇ ಎಣಿಸಿದ. ಒಂದು ರಿಂಗು ಆಗಿರಬೇಕು. ಎರಡು. ಮೇಡಂ ಹುಬ್ಬು ಮೇಲೇರಿತು. ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿದರು, ತೀರ ನಿಧಾನವಾಗಿ, ಕಾಗುಣಿತ ತಪ್ಪಿದ ಪದವನ್ನು ನೋಡುವಂತೆ. ತುಟಿಯ ಒಂದು ತುದಿ ಕೊಂಕಿತು.

‘ಹಲೋ, ಏನಮ್ಮಾ, ಚೆನ್ನಾಗಿದ್ದೀಯಾ?’ ಎಂದರು.

ಅವನ ಕೈಯಲ್ಲಿದ್ದ ಫೋರ್ಕು ಕೆಳಗೆ ಬಿತ್ತು.

‘ಹೂಂ... ಹೂಂ... ಅಯ್ಯೋ, ಹೌದಾ? ಇದನ್ನು ಇವರು ಹೇಳಲೇ ಇಲ್ವಲ್ಲ!’ ಮೇಡಂ ನಕ್ಕರು. ಆಮೇಲೆ ಮುಖ ಗಂಭೀರವಾಯಿತು. ‘ನೀನು ಹೇಳೋದೂ ಸರಿ ಬಿಡು. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ.’ ರಿಸೀವರ್ ಇಟ್ಟರು.

‘ಏನಂದಳು?’

ಕೇಳಿದ ಮೇಲೆ ಅವನಿಗೇ ದಿಗಿಲಾಯಿತು. ಅವಳು ಏನೆಂದಳೆಂದು ಅವನಿಗೆ ನಿಜಕ್ಕೂ ತಿಳಿಯಬೇಕಾಗಿತ್ತು. ತನ್ನೊಡನೆ ಒಂದು ಮಾತೂ ಆಡದವಳು ಇವರ ಜೊತೆ ನಗುವಷ್ಟು ಹರಟಿದ್ದಾಳೆ ಎಂದು ಹೊಟ್ಟೆಯುರಿಯೂ ಆಗಿತ್ತು.

‘ಅಕ್ಕನ ಮನೆಗೆ ಹೊರಟಿದ್ದಾಳೆ, ಇವತ್ತು ಸಾಯಂಕಾಲವೇ. ಇನ್ನು ನಿಮಗೆ ಊಟ ಕಟ್ಟೋದಿಲ್ವಂತೆ.’

‘ಅವಳಿಗೆ ಅಕ್ಕ ಇಲ್ಲ.’

‘ನೀವು ಯಾವತ್ತಾದರೂ ಕೇಳಿದ್ರಾ?’

ಕೇಳಿರಲಿಲ್ಲ.

‘ಪಾಪ, ಆಯಮ್ಮ,’ ಎಂದ ಸ್ಟೋರ್‌ಕೀಪರ್ ನಿಟ್ಟುಸಿರು ಬಿಟ್ಟು.

ಮೂರು ಗಂಟೆಗೆ ಅವನು ಟೈಪಿಸ್ಟ್ ಮೇಜಿನ ಹತ್ತಿರ ಹೋಗಿ ನಿಂತ. ‘ಮೇಡಂ, ಫೋನಿನಲ್ಲಿ... ನಿಮಗೆ ಗೊತ್ತಾಯ್ತಲ್ಲ...’

ಅವರ ಬೆರಳು ನಿಲ್ಲಲಿಲ್ಲ. ‘ಗೊತ್ತಾಗದೆ ಏನು? ತುಂಬಾ ನೊಂದಿದ್ದಾಳೆ.’

‘ಅದಲ್ಲ...’

‘ಸಾಲು ತಪ್ಪುತ್ತೆ ಮೇಷ್ಟ್ರೇ, ಆಮೇಲೆ ಬನ್ನಿ.’

ಅವನು ಸೀಟಿಗೆ ಮರಳಿ ಕರಡು ಎದುರಿಟ್ಟುಕೊಂಡ. ‘ಯಂತ್ರವು ಕೆಲಸ ಮಾಡದಿದ್ದಲ್ಲಿ ತಾವೇ ಬಿಚ್ಚಲು ಪ್ರಯತ್ನಿಸಬಾರದು.’ ತಪ್ಪೇನೂ ಇರಲಿಲ್ಲ. ಮೂರು ಸಲ ಓದಿದ. ಒಂದು ಸುಳ್ಳು ಹೆಂಡತಿ ಬಿಟ್ಟುಹೋದರೆ ಲಾಭವೇ ತಾನೆ? ಇನ್ನು ನೆನಪಿಟ್ಟುಕೊಂಡು ಸುಳ್ಳು ಹೇಳುವ ಕಷ್ಟವಿಲ್ಲ. ಹೀಗೆಂದುಕೊಂಡು ನಗಲು ನೋಡಿದ. ಎದೆಯೊಳಗೆ ಯಾರೋ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದರು.

ನಾಲ್ಕೂವರೆಗೆ ಸ್ಟೋರ್‌ಕೀಪರ್ ಬಂದು ಭುಜ ತಟ್ಟಿದ. ‘ಎದ್ದು ಹೊರಡ್ರೀ, ಮ್ಯಾನೇಜರಿಗೆ ನಾನು ಹೇಳ್ತೀನಿ. ಆಯಮ್ಮ ಹೊರಡೋದರೊಳಗೆ ಮನೆ ಮುಟ್ಟಬಹುದು.’

ಪಾರ್ಕಿನಲ್ಲಿ ಆರರವರೆಗೆ ಕೂತು ಹೊತ್ತು ಕಳೆದರಾಯಿತು ಎಂದುಕೊಂಡು ಹೊರಬಿದ್ದ. ಆದರೆ ಬಸ್ಸು ಕಂಡದ್ದೇ ಓಡಿದ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಡ್ರೈವರನ್ನು ಮನಸ್ಸಿನಲ್ಲೇ ಬೈದ. ಎದುರಿನಿಂದ ಬಂದ ಬಸ್ಸಿನ ಕಿಟಕಿಗಳಲ್ಲಿ ಒಂದೊಂದೇ ಮುಖ ಹುಡುಕಿದ. ಇಳಿದವನು ಬೀದಿಯುದ್ದಕ್ಕೂ ದಾಪುಗಾಲು ಹಾಕಿ, ಮೂರು ಮಹಡಿ ಎರಡೆರಡು ಮೆಟ್ಟಿಲು ಹಾರಿ ಹತ್ತಿದ.

ಬಾಗಿಲಿಗೆ ಬೀಗವಿತ್ತು. ಬೆಳಿಗ್ಗೆ ಅವನೇ ಹಾಕಿದ್ದು. ಕೀಲಿ ಜೇಬಿನಲ್ಲೇ ಇತ್ತು.

ಅವನು ಬೆವರು ಒರೆಸಿಕೊಂಡ. ಕಾಲರು ಸರಿಮಾಡಿಕೊಂಡ. ಕಣ್ಣಿಗೆ ಬೀಳದಂತೆ ಬೀಗವನ್ನು ಒಂದು ಕೈಯಲ್ಲಿ ಮುಚ್ಚಿ ಹಿಡಿದು, ಇನ್ನೊಂದು ಕೈಯಿಂದ ಕರೆಗಂಟೆ ಒತ್ತಿದ. ಒಳಗೆ ಅದು ಎಲ್ಲ ಕೋಣೆಗಳಿಗೂ ಕೇಳಿಸುವಂತೆ ಮೊಳಗಿತು. ಆಮೇಲೆ, ಬಾಗಿಲು ತೆರೆಯುವವರಿಗೆ ಅಡ್ಡವಾಗಬಾರದೆಂದು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.