ಬಾವಮೈದನ ಕೈಯಲ್ಲಿ ಹಗ್ಗ

ಆ ಜೇನುಗಾರನಂಥ ಧೀರ ಮೂರು ಲೋಕದಲ್ಲೂ ಇರಲಿಲ್ಲ. ಅವನು ಕೆಮ್ಮಿದರೆ ಸಾಕು, ಏಳು ಬೆಟ್ಟದ ಹೆಜ್ಜೇನು ಗೂಡು ಬಿಟ್ಟು ಓಡುತ್ತಿತ್ತು. ಆದರೂ ಬಂಡೆಯಿಂದ ಇಳಿಯುವಾಗ ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕೆಂಬುದು ಅವನ ಜನರ ಕಟ್ಟಳೆ. ಸ್ವಂತ ಅಕ್ಕನ ಗಂಡನನ್ನು ಯಾರಾದರೂ ಕೈಬಿಡುತ್ತಾರೆಯೇ?

ಹಿಂದಿನ ದಿನವಷ್ಟೇ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದಳು. ಅದನ್ನು ಮರೆತ ಧೀರ ಮೋಡದ ಮಟ್ಟದಲ್ಲಿ ನೇತಾಡುತ್ತ, ಆನೆ ಗಾತ್ರದ ಜೇನುಹುಟ್ಟು ಕೊಯ್ದು ಬುಟ್ಟಿಗೆ ತುಂಬಿ ಕೂಗಿದ: "ಎಳೆಯೋ ಸೋಂಬೇರಿ!"

"ಎಳೀತೀನಿ ಬಾವ. ಅಕ್ಕ ಬಂದವಳೆ, ಏನೋ ಕೇಳ್ಬೇಕಂತೆ."

ಬಂಡೆಯಂಚಿನಲ್ಲಿ ಹೆಂಡತಿಯ ಮುಖ ಮೂಡಿತು. "ನಿನ್ನೆ ನಮ್ಮಮ್ಮನ್ನ ಏನಂದೆ?"

"ದೇವತೆ ಅಂದೆ ಕಣೇ!"

"ಮುದಿ ಕರಡಿ ಅಂದಂಗಿತ್ತಲ್ಲ?"

ಜೇನು ಹತ್ತಿರ ಬಾರದಂತೆ ಅವನು ಕೈಯಲ್ಲಿ ಹಿಡಿದಿದ್ದ ಸೊಪ್ಪಿನ ಹೊಗೆ ಆರುತ್ತಿತ್ತು. ಓಡಿದ್ದ ಹೆಜ್ಜೇನು ದಂಡು ಕಟ್ಟಿಕೊಂಡು ವಾಪಸು ಬರುತ್ತಿತ್ತು.

"ಕರಡಿ ನಾನು ಕಣೇ! ನಮ್ಮಪ್ಪ ಕರಡಿ, ನಮ್ಮ ತಾತ ಕರಡಿ! ಮೊದ್ಲು ಎಳೀರಿ!"

ಹಗ್ಗ ಸರ್ರನೆ ಮೇಲೇರಿತು. ಅಂದಿನಿಂದ ಹಗ್ಗ ಸೊಂಟಕ್ಕೆ ಬಿಗಿಯುತ್ತಲೇ ಅವನು ಅತ್ತೆಯ ಗುಣಗಾನ ಶುರುಮಾಡುತ್ತಾನೆ; ಮೇಲೆ ಬಂದು ಕಾಲು ನೆಲ ಮುಟ್ಟುವವರೆಗೂ ನಿಲ್ಲಿಸುವುದಿಲ್ಲ.