ಮೇಜಿನ ಮೇಲಿನ ಪೆನ್ನು

ಟಿವಿಯಲ್ಲಿ ವಾರ್ತೆ ಓದುತ್ತಿದ್ದ ಆ ಹೆಂಗಸಿಗೆ ಕಚೇರಿಯಲ್ಲಿ ಎದುರಿಗೆ ‘ಮೇಡಂ’ ಎಂದೂ ಬೆನ್ನ ಹಿಂದೆ ‘ಪೆನ್ನಕ್ಕ’ ಎಂದೂ ಹೆಸರು. ಎರಡನೆಯದು ಅವಳ ಕಿವಿಗೆ ಬೀಳದೆ ಇರಲಿಲ್ಲ. ಬಿದ್ದರೂ ಕೇಳಿಸದವಳಂತೆ ನಡೆದು ಹೋಗುತ್ತಿದ್ದಳು.

ಆ ಹೆಸರು ಬಂದ ಬಗೆಯನ್ನು ಅಲ್ಲಿನವರು ಹೀಗೆ ಹೇಳುತ್ತಾರೆ. ಟಿವಿಯ ಬೆನ್ನು ಇನ್ನೂ ಟ್ರಂಕಿನಷ್ಟು ದಪ್ಪವಾಗಿದ್ದ ಕಾಲದಲ್ಲಿ ಅವಳು ಕೆಲಸಕ್ಕೆ ಸೇರಿದಳು. ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಸದಾ ಗೊಣಗಾಟ ಇಟ್ಟುಕೊಂಡಿದ್ದ ಮುದಿ ಸಂಪಾದಕನೊಬ್ಬ ಮೊದಲ ದಿನವೇ ಅವಳನ್ನು ಕರೆದು ಕೂರಿಸಿಕೊಂಡ. “ಒಬ್ಬ ಹೇಳಿದ್ರೆ ಅದು ಗಾಳಿಮಾತು ಕಣಮ್ಮ. ಕಣ್ಣಾರೆ ಕಂಡವರು ಇಬ್ಬರು, ಬೇರೆ ಬೇರೆ ಕಡೆಯಿಂದ ಹೇಳಬೇಕು. ಆಗ ಸುದ್ದಿ. ಇದು ತಲೆಗೆ ಹೋಗದಿದ್ರೆ ನಾಳೆಯಿಂದ ಬರಬೇಡ.”

ತಲೆಗೇನೋ ಹೋಯಿತು. ತೊಡಕು ಇದ್ದದ್ದು ಬೇರೆ ಕಡೆ. ವಾರ್ತೆ ನಡೆಯುತ್ತಿರುವಾಗ ಹೊಸ ಸುದ್ದಿ ಬಂದರೆ ಪಕ್ಕದ ಕೋಣೆಯವರು ಕಿವಿಯೊಳಗಿನ ಗುಂಡಿಯ ಮೂಲಕ ಓದುವವಳಿಗೆ ಹೇಳುತ್ತಾರೆ. ಊರೆಲ್ಲ ನೋಡುತ್ತಿರುವಾಗ ಅವಳು ತಿರುಗಿ ಮಾತಾಡುವಂತಿಲ್ಲ. ಅದಕ್ಕಾಗಿ ಅವಳು ಪೆನ್ನಿನ ಸಂಜ್ಞೆಯೊಂದನ್ನು ಕಟ್ಟಿಕೊಂಡಳು. ಪೆನ್ನು ಕೈಯಲ್ಲಿದ್ದರೆ ‘ಓದುತ್ತೇನೆ’. ಮೇಜಿನ ಮೇಲಿಟ್ಟರೆ ‘ಇನ್ನೂ ಇಬ್ಬರಾಗಿಲ್ಲ, ಓದುವುದಿಲ್ಲ’. ಆ ಪೆನ್ನಿನಲ್ಲಿ ಶಾಯಿ ಇತ್ತೋ ಇಲ್ಲವೋ, ಬರೆದು ನೋಡಿದವರಿಲ್ಲ.

ಪಕ್ಕದ ಕೋಣೆಯಲ್ಲಿ ಕೂತು ಅವಳ ಕಿವಿಗೆ ಮಾತು ಹಾಕುತ್ತಿದ್ದವನನ್ನು ಎಲ್ಲರೂ ‘ಕಿವಿಯಣ್ಣ’ ಎನ್ನುತ್ತಿದ್ದರು. ಕಟ್ಟಿಕೊಂಡ ಗಂಡ ಒಂದು ಜನ್ಮದಲ್ಲಿ ಆಡುವಷ್ಟು ಮಾತನ್ನು ಅವನು ಒಂದು ಚುನಾವಣೆಯಲ್ಲಿ ಆಡಿ ಮುಗಿಸುತ್ತಿದ್ದ. ಸರ್ಕಾರಗಳು ಬಿದ್ದವು, ಸೇತುವೆಗಳು ಎದ್ದವು, ಅವಳ ಕೂದಲಿಗೆ ಬಣ್ಣ ಹಚ್ಚುವ ಮೇಕಪ್ಪಿನವನೇ ಬೋಳಾದ. ಪೆನ್ನು ಏಳುತ್ತ ಇಳಿಯುತ್ತ ಇತ್ತು. ಬೇರೆ ಚಾನೆಲ್ಲುಗಳು ಮೊದಲು ಹೇಳಿ ಹೆಸರು ಮಾಡಿದವು. ಇವಳು ತಡವಾಗಿ ಹೇಳಿ ಯಜಮಾನರಿಂದ ಬೈಸಿಕೊಂಡಳು.

ಈ ಸಂಜ್ಞೆ ಕಚೇರಿಯ ಗೋಡೆ ದಾಟಿ ಹೋಗಿದೆ ಎಂದು ಅವಳಿಗೆ ತಿಳಿದದ್ದು ಅಕ್ಕನ ಫೋನಿನಿಂದ. ತಾಯಿ ಇಲ್ಲದ ಮನೆಯಲ್ಲಿ ಅವಳಿಗೆ ತಲೆ ಬಾಚಿ, ಬೈದು, ಓದಿಸಿ ಬೆಳೆಸಿದವಳು ಈ ಅಕ್ಕ.

“ಪುಟ್ಟಿ, ಇವತ್ತು ಆ ಮಂತ್ರಿ ವಿಷಯ ಬಂದಾಗ ಪೆನ್ನು ಕೆಳಗಿಟ್ಟೆಯಲ್ಲ. ಪುಕಾರು ತಾನೆ?”

“ಯಾರೇ ಹೇಳಿದ್ದು ನಿಂಗೆ?”

“ಯಾರಾದ್ರೂ ಹೇಳಬೇಕಾ? ಇಷ್ಟು ವರ್ಷ ನಿನ್ನ ಮುಖ ನೋಡ್ತಾ ಕೂತಿದೀನಿ ಅಂದ್ಕೊಂಡ್ಯಾ? ಮುಖದಲ್ಲಿ ಏನಿದೆ, ಬರೀ ಪೌಡರು. ನಾನು ನೋಡೋದು ಕೈನ.”

ಅಕ್ಕನ ಗಂಡ ಹೊಳೆ ದಾಟಿಸುವ ದೊಡ್ಡ ದೋಣಿಯಲ್ಲಿ ಇಂಜಿನ್ನು ನೋಡಿಕೊಳ್ಳುವವನು. ಎಣ್ಣೆಯ ವಾಸನೆಯ ಮನುಷ್ಯ, ನಗೆಗೆ ಬಡತನವಿಲ್ಲದವನು. ನಾದಿನಿ ಮನೆಗೆ ಬಂದಾಗಲೆಲ್ಲ ಅವನದು ಒಂದೇ ರಾಗ: “ಒಂದು ದಿನ ಟಿವೀಲಿ ನನ್ನ ಹೆಸರೂ ಹೇಳಮ್ಮ. ನಮ್ಮ ಇಂಜಿನ್ ಮನೆಯವರೆಲ್ಲ ಹೊಟ್ಟೆ ಉರ್ಕೊಳ್ಳಲಿ.”

“ಬೇಡಿ ಭಾವ. ನಮ್ಮಲ್ಲಿ ಒಳ್ಳೇ ಕೆಲಸಕ್ಕೆ ಹೆಸರು ಬರೋದು ಕಡಿಮೆ.”

“ಹಾಗಾದ್ರೆ ಕೆಟ್ಟದ್ದೇ ಏನಾದ್ರೂ ಮಾಡ್ತೀನಿ ಬಿಡು.”

ಅವಳು ನಿವೃತ್ತಿಯ ಅಂಚಿಗೆ ಬಂದಿದ್ದ ವರ್ಷ, ಒಂದು ಮಧ್ಯಾಹ್ನ, ಆ ದೋಣಿ ನಡುಹೊಳೆಯಲ್ಲಿ ಮಗುಚಿಕೊಂಡಿತು.

ಸುದ್ದಿ ಬಂದಾಗ ಅವಳು ಕುರ್ಚಿಯಲ್ಲಿದ್ದಳು. ದೋಣಿ ಮಗುಚಿದ್ದನ್ನು ದಡದ ಪೊಲೀಸರೂ ಬಂದರಿನವರೂ ಕಂಡು ಹೇಳಿದ್ದರು. ಅದನ್ನು ಪೆನ್ನು ಹಿಡಿದೇ ಓದಿದಳು. ದೋಣಿಯ ಹೆಸರು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ಹೊಳೆಯಿತು. ಆ ಪಾಳಿ ಭಾವನದು. ಫೋನು ಹೊರಗಿನ ಪೆಟ್ಟಿಗೆಯಲ್ಲಿತ್ತು. ಎದುರಿಗೆ ಮೂರು ಕ್ಯಾಮೆರಾ, ಕಣ್ಣಿಗೆ ಹೊಡೆಯುವ ದೀಪ.

“ಬೇರೆ ಚಾನೆಲ್‌ನಲ್ಲಿ ಎಲ್ಲರೂ ಮುಳುಗಿ ಹೋದರು ಅಂತ ಹಾಕಿದಾರೆ. ಯಜಮಾನರು ನಾವೂ ಹೇಳಬೇಕಂತೆ,” ಎಂದ ಕಿವಿಯಣ್ಣ.

ಪೆನ್ನು ಮೇಜಿನ ಮೇಲೆ ಕೂತಿತು. ‘ಒಳಗಿದ್ದವರ ಸ್ಥಿತಿ ಇನ್ನೂ ತಿಳಿದುಬಂದಿಲ್ಲ’ ಎಂದು ಓದಿದಳು.

ಅದೇ ಹೊತ್ತಿಗೆ ಅಕ್ಕನ ಮನೆಯಲ್ಲಿ ನಡೆದದ್ದನ್ನು ಪಕ್ಕದ ಮನೆಯ ದರ್ಜಿ ಹೆಂಗಸು ಇಂದಿಗೂ ಹೇಳುತ್ತಾಳೆ. ಬೇರೆ ಚಾನೆಲ್ ನೋಡಿದ ನೆರೆಯವರು ಬಾಯಿ ಬಡಿದುಕೊಳ್ಳುತ್ತ ಒಳಗೆ ನುಗ್ಗಿದಾಗ ಅಕ್ಕ ಟಿವಿಯ ಮುಂದೆ ಕಂಬದಂತೆ ಕೂತಿದ್ದಳಂತೆ. “ಪೆನ್ನು ಮೇಜಿನ ಮೇಲಿರೋ ತನಕ ನನ್ನ ಮನೆಯಲ್ಲಿ ಯಾರೂ ಅಳಬಾರದು,” ಎಂದಳು. “ಅಳಬೇಕಾದ್ರೆ ನಿಮ್ಮ ನಿಮ್ಮ ಮನೆಗೆ ಹೋಗಿ ಅಳಿ.” ಬಂದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಆ ಪೆನ್ನಿಗೂ ಇಂಜಿನ್ನಿನವನ ಪ್ರಾಣಕ್ಕೂ ಏನು ನಂಟು ಎಂದು ಅವರಿಗೆ ತಲೆಬುಡ ತಿಳಿಯಲಿಲ್ಲ.

ಕೆಟ್ಟ ಪುಕಾರನ್ನು ತಡೆಯುವುದು ಪೆನ್ನಕ್ಕನಿಗೆ ರೂಢಿಯಾದ ಕೆಲಸ. ಕಷ್ಟ ಬಂದದ್ದು ಆಮೇಲೆ. ಕಿವಿಯಣ್ಣನ ದನಿ ಮತ್ತೆ ಬಂತು, ಈ ಸಲ ಬೇರೆ ದನಿ. ಇಷ್ಟು ಹೊತ್ತಿಗೆ ಆ ದೋಣಿಯಲ್ಲಿ ಅವಳ ಭಾವನಿದ್ದಾನೆಂದು ಆ ಕೋಣೆಗೂ ಗೊತ್ತಾಗಿತ್ತು.

“ಅಮ್ಮಾ, ಕೇಳು. ದಡದಲ್ಲಿರೋ ನಮ್ಮ ವರದಿಗಾರನಿಗೆ ಒಬ್ಬ ಮೀನುಗಾರ ಹೇಳಿದಾನೆ. ಇಂಜಿನ್ ಮನೆಯವನನ್ನ ಜೀವಂತ ಎತ್ತಿದ್ದನ್ನ ಕಣ್ಣಾರೆ ನೋಡಿದಾನಂತೆ. ಪೆನ್ನು ಎತ್ತು. ಹೇಳಿಬಿಡು.”

ಅವಳ ಬೆರಳು ತಾನಾಗಿಯೇ ಪೆನ್ನಿನ ಮೇಲೆ ಹೋಯಿತು. ಎತ್ತಿದರೆ ಸಾಕು, ಬಾಯಿ ತೆರೆಯುವ ಮೊದಲೇ ಅಲ್ಲೊಬ್ಬಳ ಎದೆಗೆ ತಂಪೆರೆದಂತಾಗುತ್ತದೆ. ಸುಳ್ಳೂ ಅಲ್ಲ, ಕಂಡವನೊಬ್ಬ ಇದ್ದಾನೆ. ಆದರೆ ಒಬ್ಬ. ಇಷ್ಟು ವರ್ಷ ಕಂಡವರ ಮನೆಯ ಸಾವನ್ನೂ ಬದುಕನ್ನೂ ಇಬ್ಬರ ಬಾಯಿಗಾಗಿ ಕಾಯಿಸಿದವಳು ತನ್ನ ಮನೆಯ ಬಾಗಿಲಿಗೇ ಬಂದಾಗ ಒಬ್ಬನ ಮಾತಿಗೆ ಪೆನ್ನು ಎತ್ತಿಬಿಡುವುದೆ?

“ನಿನ್ನ ಅಕ್ಕ ನೋಡ್ತಿರ್ತಾಳೆ ಕಣಮ್ಮ,” ಎಂದ ಕಿವಿಯಣ್ಣ ಮೆಲ್ಲಗೆ.

ಅಕ್ಕ ನೋಡುತ್ತಿರುವುದು ಈ ಕೈಯನ್ನೇ, ಕೈ ತಪ್ಪು ಹೇಳುವಂತಿರಲಿಲ್ಲ. ಅವಳು ಬೆರಳನ್ನು ಹಿಂದಕ್ಕೆ ಎಳೆದುಕೊಂಡು ಎರಡು ಕೈಗಳನ್ನೂ ಒಂದರೊಳಗೊಂದು ಹೆಣೆದಳು. ಪೆನ್ನು ಬಿದ್ದಲ್ಲೇ ಬಿದ್ದಿತ್ತು. ‘ರಕ್ಷಣೆಯ ಕೆಲಸ ನಡೆದಿದೆ’ ಎಂದು ಮುಂದೆ ಓದಿದಳು. ದನಿ ಒಂದು ಕೂದಲಷ್ಟೂ ಅಲುಗಲಿಲ್ಲವೆಂದು ಕ್ಯಾಮೆರಾದವರು ಹೇಳುತ್ತಾರೆ.

ಎಷ್ಟೋ ಹೊತ್ತಿನ ಮೇಲೆ ಜಾಹೀರಾತು ಬಂತು. ಕಿವಿಯಣ್ಣ ಗುಂಡಿಯಲ್ಲಿ ಮಾತಾಡಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಕೋಣೆ ಬಿಟ್ಟು, ತಂತಿಗಳನ್ನು ದಾಟಿ, ಅವಳ ಮೇಜಿನ ಹತ್ತಿರ ಬಂದು ನಿಂತ. ಅವನನ್ನು ಅಲ್ಲಿ ನೋಡಿದಾಗಲೇ ಅವಳಿಗೆ ಅರ್ಧ ಅರ್ಥವಾಯಿತು.

“ಆ ಮೀನುಗಾರ ನೋಡಿದ್ದು ಕೈಕೆಳಗಿನ ಹುಡುಗನನ್ನ. ಇಂಜಿನ್ ಮನೆಯಿಂದ ಅವನನ್ನ ಮೇಲಕ್ಕೆ ತಳ್ಳಿದ್ದೇ ನಿನ್ನ ಭಾವ ಅಂತೆ. ಭಾವ… ಬರಲಿಲ್ಲಮ್ಮ.”

“ಎಷ್ಟು ಜನ ಹೇಳಿದ್ರು?”

“ದೇಹ ಎತ್ತಿದ ಬಂದರಿನವರು. ಆಸ್ಪತ್ರೆಯವರೂ ನೋಡಿದಾರೆ.”

ಅವಳು ಕಿವಿಯ ಗುಂಡಿ ಕಿತ್ತು ಅವನ ಅಂಗೈಯಲ್ಲಿಟ್ಟಳು. “ಮನೆಯವರಿಗೆ ತಿಳಿಯೋ ಮೊದಲು ನಾವು ಹೆಸರು ಹೇಳಲ್ಲ ಅಲ್ವಾ ಅಣ್ಣ?”

“ಹೇಳಲ್ಲ.”

“ನಾನು ಅಲ್ಲಿಗೆ ಮುಟ್ಟೋ ತನಕ ಕಾಯಿರಿ.”

“ಬೇರೆ ಚಾನೆಲ್‌ನವರು ಹಾಕಿಬಿಟ್ರೆ?”

“ನಮ್ಮಕ್ಕ ಬೇರೆ ಚಾನೆಲ್ ನೋಡಲ್ಲ.”

ಮುಖದ ಬಣ್ಣವನ್ನೂ ತೊಳೆಯದೆ ಹೊರಟಳು. ಫೋನಿನಲ್ಲಿ ಹೇಳಬಹುದಿತ್ತು, ಕೈಯಲ್ಲಿ ಹಿಡಿದಿದ್ದಳು, ಒತ್ತಲಿಲ್ಲ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿದಳು, ಕಿತ್ತಳು, ಮತ್ತೆ ಜೋಡಿಸಿದಳು. ಲಕ್ಷ ಜನರಿಗೆ ತಡವರಿಸದೆ ಹೇಳಿದವಳಿಗೆ ಒಬ್ಬಳಿಗೆ ಹೇಳುವ ಒಂದು ವಾಕ್ಯ ಕೂಡಿಬರಲಿಲ್ಲ.

ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಗೋಡೆಯುದ್ದಕ್ಕೂ ಮೌನವಾಗಿ ಕೂತ ನೆರೆಯವರು. ಟಿವಿಯಲ್ಲಿ ಇವಳ ಕುರ್ಚಿಯಲ್ಲಿ ಚಿಕ್ಕ ವಯಸ್ಸಿನ ಇನ್ನೊಬ್ಬಳು ಓದುತ್ತಿದ್ದಳು. ಅವಳ ಮೊಣಕೈಯ ಪಕ್ಕದಲ್ಲಿ, ಬಿಟ್ಟು ಬಂದ ಜಾಗದಲ್ಲೇ, ಪೆನ್ನು. ಅಕ್ಕ ಅದರಿಂದ ಕಣ್ಣು ಕೀಳದೆ ಹೇಳಿದಳು:

“ಪೆನ್ನು ಬಿಟ್ಟು ಬಂದಿದೀಯ.”

“ಹೂಂ ಅಕ್ಕ.”

“ಒಳ್ಳೇದಾಗಿದ್ರೆ ಅಲ್ಲೇ ಎತ್ತಿ ಹೇಳ್ತಿದ್ದೆ. ನೀನು ಕುರ್ಚಿ ಬಿಟ್ಟೆದ್ದೆ ಅಂದಾಗಲೇ ಗೊತ್ತಾಯ್ತು.” ಅಕ್ಕ ಪಕ್ಕದ ಜಾಗ ತೋರಿಸಿದಳು. “ಆದ್ರೂ ನೀನು ಬಾಯಿಬಿಟ್ಟು ಹೇಳು. ಹೇಳದೆ ನಾನು ನಂಬಲ್ಲ.”

ಪೆನ್ನಕ್ಕ ಕೂತಳು. ಹಿಡಿಯುವುದಕ್ಕೆ ಪೆನ್ನಿಲ್ಲದೆ ಅಕ್ಕನ ಕೈ ಹಿಡಿದಳು. ಭಾವನ ಹೆಸರನ್ನು ಪೂರ್ತಿಯಾಗಿ, ವಾರ್ತೆಯಲ್ಲಿ ಹೇಳುವ ಹಾಗೆ, ಮೊದಲ ಸಲ ಹೇಳಿದಳು. ಆಮೇಲೆ ಹುಡುಗನನ್ನು ಮೇಲಕ್ಕೆ ತಳ್ಳಿದ್ದನ್ನು ಹೇಳಿದಳು. ಆಮೇಲೆ ಉಳಿದದ್ದನ್ನು.

“ಎಷ್ಟು ಜನ ಹೇಳಿದ್ರು ಪುಟ್ಟಿ?”

“ಇಬ್ಬರು.”

“ಕಣ್ಣಾರೆ ನೋಡಿ ಹೇಳಿದ್ರಾ?”

“ನೋಡಿ ಹೇಳಿದ್ರು ಅಕ್ಕ.”

ಅಕ್ಕ ತಲೆಯಾಡಿಸಿದಳು. ಎದ್ದು ಹೋಗಿ ಟಿವಿ ಆರಿಸಿದಳು. ಗೋಡೆಗೆ ಒರಗಿ ಸಂಜೆಯವರೆಗೆ ಉಸಿರು ಬಿಗಿಹಿಡಿದಿದ್ದ ನೆರೆಯವರ ಕಡೆ ತಿರುಗಿ, “ಇನ್ನು ಅಳಿ,” ಎಂದಳು. ಹಾಗೆಂದವಳೇ ತಂಗಿಯ ಹೆಗಲ ಮೇಲೆ ಮೊದಲು ಕುಸಿದಳು.